‘ಚೇತರಿಸಿಕೊಳ್ಳು’ ಸರಿಯೋ, ‘ಕುದುರು’ ಸರಿಯೋ?

ಗೆಳೆಯರೇ, ಒಂದು ಪದ ವಾರದಿಂದ ಕಾಡುತ್ತಿದೆ. ಅಮೆರಿಕದಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅವರು ನೋಡುವ ಆಟದ ಬಗ್ಗೆಯೇ ಕನ್ನಡದಲ್ಲಿ ಓದಲು ಕೊಡೋಣ ಅಂತ ಅಮೆರಿಕನ್ ಫುಟ್‌ಬಾಲ್‌ನ ಮೆಲ್ವಿನ್ ಗೋರ್ಡನ್ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ. ಅವನು ರನ್ನಿಂಗ್ ಬ್ಯಾಕ್. ಚೆಂಡನ್ನು ಎದೆಗೆ ಅವಚಿಕೊಂಡು, ಮುಂದಿನವರು ತೆರೆದುಕೊಡುವ ಸಂದಿಯಲ್ಲಿ ನುಗ್ಗಿ ಓಡುವವನು.

2015ರಲ್ಲಿ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡ ಅವನನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಮೊದಲ ವರ್ಷ 184 ಸಲ ಚೆಂಡು ಹಿಡಿದು ಓಡಿ 641 ಗಜ. ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸುವುದು) ಒಂದೂ ಇಲ್ಲ. ಆರು ಸಲ ಚೆಂಡು ಕೈತಪ್ಪಿತು. (ಇಲ್ಲಿ ‘ಕೈಬಿಟ್ಟ’ ಅಂತ ಬರೆದರೆ ಬೇಕಂತಲೇ ಬಿಟ್ಟ ಹಾಗೆ ಕೇಳುತ್ತದೆ, ಅಲ್ವಾ?) ಈ ಪಾಡಿಗೆ ‘ಪರದಾಟ’ ಅಂತ ಬರೆದು ಹೊಡೆದುಹಾಕಿದೆ. ನೀರಿಗೆ ಪರದಾಡುತ್ತೇವೆ, ಅಂದರೆ ಏನೋ ಸಿಗದೆ ಅಲೆಯುತ್ತೇವೆ. ಇವನಿಗೆ ಚೆಂಡು ಸಿಗುತ್ತಿತ್ತು, ಬಲ ಹಾಕಿದರೂ ಮುಂದೆ ಹೋಗಲು ಆಗುತ್ತಿರಲಿಲ್ಲ. ಅದಕ್ಕೆ ‘ತಿಣುಕಾಟ’ವೇ ಸರಿ ಅನ್ನಿಸಿತು.

ಕಷ್ಟ ಶುರುವಾಗಿದ್ದು ಮುಂದಿನ ವಾಕ್ಯದಲ್ಲಿ. ‘ಮುಂದಿನ ವರ್ಷ ಅವನು ಚೇತರಿಸಿಕೊಳ್ಳಬಲ್ಲನೇ?’ ಪತ್ರಿಕೆಗಳಲ್ಲಿ ಸುಮ್ನೆ ಹೀಗೇ ಬರೆಯುತ್ತಾರೆ. ಆದರೆ ಚೇತರಿಸಿಕೊಳ್ಳಬೇಕಾದರೆ ಮೊದಲು ಚೆನ್ನಾಗಿದ್ದು ಆಮೇಲೆ ಕೆಟ್ಟಿರಬೇಕು. ಈ ಮಟ್ಟದ ಆಟದಲ್ಲಿ ಹುಡುಗ ಇನ್ನೂ ಚೆನ್ನಾಗಿ ಆಡಿಯೇ ಇರಲಿಲ್ಲವಲ್ಲ! ‘ಸುಧಾರಿಸಿಕೊಳ್ಳು’ ಅಂದರೆ ನಮ್ಮ ಮನೆಯಲ್ಲಿ ದಣಿದು ಬಂದವನು ಕೂತು ನೀರು ಕುಡಿಯುವುದು.

ಆಗ ಅಜ್ಜಿ ನೆನಪಾದಳು. ನಾನು ತಟ್ಟಿದ ಅಕ್ಕಿರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದು ಕಾವಲಿ ಕಾಣುತ್ತಿತ್ತು. ಅವಳು ಹರಿದ ಕಡೆ ಒಂದು ಚೂರು ಹಿಟ್ಟು ಮೆತ್ತಿ, ‘ಇನ್ನೂ ಕೈ ಕುದುರಿಲ್ಲ, ಅಷ್ಟೆ’ ಅಂದಳು. ಈ ಮಾತಲ್ಲಿ ಬರುವುದಿಲ್ಲ ಅನ್ನೋ ತೀರ್ಪಿಲ್ಲ, ಬಂದೇ ಬರುತ್ತೆ ಅನ್ನೋ ಭರವಸೆಯೂ ಪೂರ್ತಿ ಇಲ್ಲ. ನನಗೆ ಬೇಕಾಗಿದ್ದು ಇದೇ. ವ್ಯಾಪಾರ ಕುದುರುತ್ತದೆ, ಮದುವೆ ಕುದುರುತ್ತದೆ, ಹಾಗೇ ಆಟ ಯಾಕೆ ಕುದುರಬಾರದು?

ಗೋರ್ಡನ್ ವಿಷಯಕ್ಕೆ ಬಂದರೆ ಎರಡೂ ಪದ ಬೇಕಾಗುತ್ತವೆ ಅನ್ನಿಸುತ್ತದೆ. 2016ರ ಆರಂಭದಲ್ಲಿ ಅವನ ಮಂಡಿಗೆ ಶಸ್ತ್ರಚಿಕಿತ್ಸೆ ಆಯಿತು. ಮಂಡಿ ಚೇತರಿಸಿಕೊಂಡಿತು, ಆಟ ಕುದುರಿತು. ಆ ವರ್ಷ 997 ಗಜ, ಓಡಿ ಹೊಡೆದ ಟಚ್‌ಡೌನ್ 10. ಒಂದು ಓಟಕ್ಕೆ ಸಿಕ್ಕ ಗಜ ಮಾತ್ರ ಸುಮಾರು 3.5ರಿಂದ 3.9ಕ್ಕೆ ಏರಿತು, ಜಾಸ್ತಿಯೇನಲ್ಲ. ಹಾಗಾಗಿ ‘ಮಿಂಚಿದ’ ಅಂತ ಬರೆಯಲು ಮನಸ್ಸಾಗಲಿಲ್ಲ. ಎಲ್ಲರಿಗೂ ಹೀಗಾಗುವುದೂ ಇಲ್ಲ. 2012ರ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಆಯ್ಕೆಯಾದ ಇನ್ನೊಬ್ಬ ರನ್ನಿಂಗ್ ಬ್ಯಾಕ್ ಟ್ರೆಂಟ್ ರಿಚರ್ಡ್‌ಸನ್ ಮೊದಲ ವರ್ಷ ಓಟಕ್ಕೆ 3.6 ಗಜ ಗಳಿಸಿದ್ದ. ಮರುವರ್ಷ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡಕ್ಕೆ ಹೋದ ಮೇಲೆ ಅದು 2.9ಕ್ಕೆ ಇಳಿಯಿತು. ಅವನ ಆಟ ಕುದುರಲೇ ಇಲ್ಲ.

ಈಗ ನನ್ನ ಪ್ರಶ್ನೆ. ‘ಆಟ ಕುದುರು’ ಅನ್ನುವುದು ಉತ್ತರ ಕರ್ನಾಟಕದ ಕಡೆ ಬಳಕೆಯಲ್ಲಿದೆಯೇ? ಕರಾವಳಿಯವರಿಗೆ ‘ಕುದುರು’ ಅಂದ ತಕ್ಷಣ ಹೊಳೆಯ ನಡುವಿನ ದ್ವೀಪ ಕಣ್ಮುಂದೆ ಬಂದುಬಿಡುತ್ತದೆಯೇ? ‘ಪಳಗು’ ಇನ್ನೂ ಹತ್ತಿರದ ಪದ ಅನ್ನುವವರಿದ್ದರೆ ನಿಮ್ಮ ಮನೆಮಾತಿನ ಒಂದು ವಾಕ್ಯದ ಜೊತೆ ಬರೆಯಿರಿ.