ನೆಲ್ಲಿಕಾಯಿ ತಿಂದರೆ ವಿಟಮಿನ್ ಸಿ ಮಾತ್ರೆ ಬಿಡಬಹುದಾ? ಅನುಭವ ಹೇಳಿ

ಹಾಸನದವಳು: ಹಿಮೋಗ್ಲೋಬಿನ್ 9.2 ಬಂದಿದೆ. ಡಾಕ್ಟರು ಕಬ್ಬಿಣದ ಮಾತ್ರೆ ಜೊತೆ 500 ಮಿಲಿಗ್ರಾಂ ವಿಟಮಿನ್ ಸಿ ಬರೆದಿದ್ದಾರೆ. ಹಿತ್ತಲಲ್ಲೇ ನೆಲ್ಲಿಮರ ಇದೆ. ಯಾವುದು ಚೆನ್ನಾಗಿ ಮೈಗೆ ಹತ್ತುತ್ತದೆ?

ಕಲ್ಲು ಕಂಡವನು: ಮಾತ್ರೆ ಸಹವಾಸವೇ ಬೇಡಿ. ಕೊರೋನಾ ಟೈಮಲ್ಲಿ ನೀರಲ್ಲಿ ಕರಗೋ 1000 ಮಿಲಿಗ್ರಾಂ ಮಾತ್ರೆ ದಿನಕ್ಕೆ ಎರಡು, ಏಳು ತಿಂಗಳು ಕುಡಿದೆ. ಒಂದು ಟ್ಯೂಬಿಗೆ 280 ರೂಪಾಯಿ, ಹತ್ತೇ ದಿನಕ್ಕೆ ಖಾಲಿ. ಆಮೇಲೆ ಮೂತ್ರನಾಳದಲ್ಲಿ 6 ಮಿಲಿಮೀಟರ್ ಹರಳು. ಆಪರೇಷನ್ನಿಗೆ 68,000, ಇನ್ಶೂರೆನ್ಸಿನವರು ಅದರಲ್ಲಿ 19,000 ಕತ್ತರಿಸಿದರು. ಮೂರು ವಾರ ಒಳಗೆ ಸ್ಟೆಂಟ್ (ಮೂತ್ರ ಇಳಿಯಲು ಇಡೋ ಸಣ್ಣ ಕೊಳವೆ) ಇತ್ತು, ಒಂದಕ್ಕೆ ಹೋದಾಗೆಲ್ಲ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಜಾಸ್ತಿಯಾದ ಸಿ ಹರಳು ಕಟ್ಟೋ ಆಕ್ಸಲೇಟ್ ಆಗುತ್ತದೆ ಅಂತ ಆಗ ಗೊತ್ತಾಯಿತು.

ಔಷಧಿ ಅಂಗಡಿಯವನು: ಸಾರ್, ನೀವು ಕುಡಿದದ್ದು ದಿನಕ್ಕೆ 2000. ಅವರು ಕೇಳ್ತಿರೋದು 500. ಸುಮ್ನೆ ಹೆದರಿಸಬೇಡಿ. ಮಾತ್ರೆಯಲ್ಲಿರೋದೂ ಕಾಯಲ್ಲಿರೋದೂ ಒಂದೇ ಆಸ್ಕಾರ್ಬಿಕ್ ಆಸಿಡ್, ಅಂದರೆ ವಿಟಮಿನ್ ಸಿ, ಕರುಳು ಭೇದ ಮಾಡಲ್ಲ. 200 ಮಿಲಿಗ್ರಾಂ ಒಳಗಿದ್ದರೆ ಹೆಚ್ಚುಕಡಿಮೆ ಎಲ್ಲ ಹತ್ತುತ್ತದೆ, ಒಂದು ಗ್ರಾಂ ದಾಟಿದರೆ ಅರ್ಧವೂ ಒಳಗೆ ಹೋಗಲ್ಲ. ಹೋದದ್ದರಲ್ಲೂ ಜಾಸ್ತಿಯಾದದ್ದು ಮೂತ್ರದಲ್ಲಿ ಹೊರಗೆ.

ಕಲ್ಲು ಕಂಡವನು: ಆ ಟ್ಯೂಬು ಕೊಟ್ಟವನೂ ನಿಮ್ಮಂಥ ಅಂಗಡಿಯವನೇ. ಆಗ ಈ ಲೆಕ್ಕ ಹೇಳಲಿಲ್ಲ ಯಾಕೆ?

ನೆಲ್ಲಿಮರದಕ್ಕ: ನನಗೆ 7.8 ಇತ್ತು. ಎರಡು ತಿಂಗಳು ನೆಲ್ಲಿಕಾಯಿ ಬೇಯಿಸಿ, ನೀರು ಬಸಿದು ಗೊಜ್ಜು ಮಾಡಿದೆ. ಒಂದು ಪಾಯಿಂಟೂ ಏರಲಿಲ್ಲ. ಸಿ ನೀರಲ್ಲಿ ಕರಗುತ್ತದೆ, ಬಿಸಿಗೆ ಹಾಳಾಗುತ್ತದೆ, ನಾನು ಅದನ್ನೇ ಬಚ್ಚಲಿಗೆ ಚೆಲ್ಲಿದ್ದೆ. ಆಮೇಲೆ ಎರಡು ಹಸಿ ಕಾಯಿ ಜಜ್ಜಿ ಉಪ್ಪು ಹಚ್ಚಿ ಕಬ್ಬಿಣದ ಮಾತ್ರೆ ಜೊತೆಗೇ ತಿಂದೆ. ಐದು ತಿಂಗಳಿಗೆ 11.4. ಕಾಯಿ ಸಿಗದ ದಿನ ಸೀಬೆಹಣ್ಣು.

ಧಾರವಾಡದಾವ: ಅದು ಪೇರಲಹಣ್ಣು ರೀ. ಕಿತ್ತಳೆಗಿಂತ ನಾಲ್ಕು ಪಟ್ಟು ಸಿ ಅದರಾಗ ಐತಿ.

ನೆಲ್ಲಿಮರದಕ್ಕ: ನಮ್ಮ ಕಡೆ ಸೀಬೆನೇ. ಹೆಸರು ತಿದ್ದೋಕೆ ಬಂದಿರಾ?

ಔಷಧಿ ಅಂಗಡಿಯವನು: ಅಕ್ಕ, ನಿಮ್ಮದು ಏರಿದ್ದು ಕಬ್ಬಿಣದ ಮಾತ್ರೆಯಿಂದ. ಸಿ ಅದನ್ನು ಕರುಳು ಹೀರೋದಕ್ಕೆ ಸಹಾಯ ಮಾಡುತ್ತದೆ ಅಷ್ಟೇ. ಹಾಸನದ ಮೇಡಂ, ಡಾಕ್ಟರನ್ನು ಕೇಳದೆ ಯಾವುದನ್ನೂ ಬಿಡಬೇಡಿ. ಮೊದಲು ಕಾಫಿ ಬಿಡಿ, ಅದು ಕಬ್ಬಿಣವನ್ನು ತಡೆಯುತ್ತದೆ.

ನೆಲ್ಲಿಮರದಕ್ಕ: ಐದು ಗಂಟೆಗೆ ಎದ್ದು ಹಾಲು ಕರೆಯೋರಿಗೆ ಕಾಫಿ ಬಿಡಿ ಅಂತ ಹೇಳೋದು ಸುಲಭ. ನಾನು ಬಿಡಲಿಲ್ಲ. ಕಾಫಿ ಆರಕ್ಕೆ ಕುಡಿದು, ಮಾತ್ರೆ ಹನ್ನೊಂದಕ್ಕೆ ನುಂಗಿದೆ.