ಕಡಿಮೆ ಆದಾಯದ ಬಡಾವಣೆಗಳ ಸಣ್ಣ ವ್ಯಾಪಾರಕ್ಕೆ ಲಾಭರಹಿತ ಸಾಲನಿಧಿ: ಮೊತ್ತ, ಕಂತು, ಮಾರ್ಗದರ್ಶನ ಹೇಗಿರಬೇಕು?

ಸುತ್ತುನಿಧಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಟ್ರಸ್ಟ್. ಕಡಿಮೆ ಆದಾಯದ ಬಡಾವಣೆಗಳಲ್ಲಿ ಕಸುಬಿನ ತರಬೇತಿ ನಡೆಸುತ್ತೇವೆ. ಈಗ ದಾನಿಗಳು 25 ಲಕ್ಷ ಕೊಡಲು ಒಪ್ಪಿದ್ದಾರೆ. ಅದನ್ನು ಸಾಲವಾಗಿ ಕೊಡಬೇಕು, ಮರಳಿ ಬಂದದ್ದನ್ನು ಇನ್ನೊಬ್ಬರಿಗೆ ಕೊಡುತ್ತಾ ಹೋಗಬೇಕು ಎಂಬುದು ಷರತ್ತು. ಸಾಲ ಕೇಳುತ್ತಿರುವವರು ಹೊಲಿಗೆಯವರು, ತಳ್ಳುಗಾಡಿಯವರು, ಮೊಬೈಲ್ ರಿಪೇರಿ ಮಾಡುವವರು, ಇಸ್ತ್ರಿಯವರು. ಅಡ ಇಡಲು ಆಸ್ತಿಯಿಲ್ಲ, ಲೆಕ್ಕಪತ್ರವಿಲ್ಲ, ಹಾಗಾಗಿ ಬ್ಯಾಂಕಿನಲ್ಲಿ ಕೆಲಸ ಆಗುವುದಿಲ್ಲ.

ಮೂರು ವಿಷಯ ಗೊತ್ತಾಗಬೇಕು. ಕಾಗದಪತ್ರ ಇಲ್ಲದವರಿಗೆ ಎಷ್ಟು ಸಾಲ ಕೊಡಬಹುದು ಎಂದು ಲೆಕ್ಕ ಹಾಕುವುದು ಹೇಗೆ? ಸಾಲಕ್ಕೆ ಮುಂಚೆ ತರಬೇತಿ ಕಡ್ಡಾಯ ಮಾಡಬೇಕೇ? ಕಂತು ತಪ್ಪಿದಾಗ ವಸೂಲಿಗೆ ಯಾರು ಹೋಗಬೇಕು, ಮಾರ್ಗದರ್ಶನ ಮಾಡುವವರೇ ಹೋಗಬಹುದೇ?

ಲೆಕ್ಕದಪುಸ್ತಕ

ಮೊದಲನೆಯದಕ್ಕೆ ಉತ್ತರಿಸುತ್ತೇನೆ. ಉಳಿದೆರಡೂ ಬಹುಮಟ್ಟಿಗೆ ಇದರ ಮೇಲೆಯೇ ನಿಂತಿವೆ. ಸಾಲ ಮುಳುಗುವುದು ಹೆಚ್ಚಾಗಿ ಮೊತ್ತ ಅಥವಾ ಕಂತಿನ ಸಮಯ ತಪ್ಪಾಗಿರುವುದರಿಂದ. ಮೋಸ ಮಾಡಲೆಂದೇ ಬರುವವರು ಕಡಿಮೆ.

"ಎಷ್ಟು ಬೇಕು?" ಎಂದು ಶುರು ಮಾಡಬೇಡಿ. ತಿಂಗಳಿಗೆ ಎಷ್ಟು ಕಟ್ಟಬಲ್ಲರು ಎಂದು ಮೊದಲು ನೋಡಿ, ಅಲ್ಲಿಂದ ಸಾಲದ ಮೊತ್ತಕ್ಕೆ ಬನ್ನಿ.

ಅಂಗಡಿಗೆ ಎರಡು ಸಲ ಹೋಗಿ, ಒಮ್ಮೆ ಗಿರಾಕಿ ತುಂಬಿರುವ ಹೊತ್ತಿಗೆ, ಒಮ್ಮೆ ಖಾಲಿ ಹೊತ್ತಿಗೆ. "ತಿಂಗಳಿಗೆ ಎಷ್ಟು ವ್ಯಾಪಾರ?" ಎಂದು ಕೇಳಿದರೆ ಅಂದಾಜಿನ ಉತ್ತರ ಬರುತ್ತದೆ. ಒಳ್ಳೆಯ ದಿನ ಎಷ್ಟು, ಕೆಟ್ಟ ದಿನ ಎಷ್ಟು, ಸಾಧಾರಣ ದಿನ ಎಷ್ಟು, ವಾರದಲ್ಲಿ ಒಂದೊಂದು ಎಷ್ಟು ಸಲ ಬರುತ್ತದೆ ಎಂದು ಕೇಳಿ. ಆಮೇಲೆ ಆ ಅಂಕಿಯನ್ನು ಮೂರು ಕಡೆಯಿಂದ ತಾಳೆ ನೋಡಿ: ಮೊಬೈಲ್‌ನಲ್ಲಿ ಜಮೆಯಾದ ಹಣ, ಸರಕು ತರುವ ಕಡೆಯ ಬಿಲ್ಲು, ಅಂಗಡಿಯಲ್ಲಿ ಕಣ್ಣಿಗೆ ಕಾಣುವ ದಾಸ್ತಾನು. ಹೊಲಿಗೆ ಅಂಗಡಿಯಲ್ಲಿ ದಿನಕ್ಕೆ ಎಂಟು ಬಟ್ಟೆ ಎಂದರೆ, ಹೊಲಿಯಲು ಕಟ್ಟಿಟ್ಟ ಗಂಟುಗಳಿಗೆ ಚುಚ್ಚಿದ ಚೀಟಿಗಳನ್ನು ಎಣಿಸಿ. ಒಪ್ಪಿಸುವ ತಾರೀಖು ಅದರಲ್ಲೇ ಇರುತ್ತದೆ. ಮುಂದಿನ ಏಳು ದಿನಕ್ಕೆ ಮೂವತ್ತು ಚೀಟಿ ಇದ್ದರೆ ದಿನಕ್ಕೆ ನಾಲ್ಕೈದು ಬಟ್ಟೆ, ಎಂಟಲ್ಲ. ಮೂರೂ ಕಡೆಯ ಅಂಕಿಗಳು ಹತ್ತಿರ ಬಾರದಿದ್ದರೆ ಚಿಕ್ಕದನ್ನೇ ಹಿಡಿಯಿರಿ.

ಲೆಕ್ಕ ಹೀಗೆ. ತಿಂಗಳ ವ್ಯಾಪಾರ 90,000 ಎಂದಿಟ್ಟುಕೊಳ್ಳಿ. ಸರಕಿಗೆ 60,000, ಬಾಡಿಗೆ, ಕರೆಂಟು, ಸಾಗಾಟಕ್ಕೆ 9,000 ಕಳೆದರೆ 21,000. ಮನೆ ಖರ್ಚಿಗೆ ಒಯ್ಯುವುದು 12,000. ಉಳಿದದ್ದು 9,000. ಇದನ್ನು ಪೂರ್ತಿ ಕಂತಿಗೆ ಹಾಕಬಾರದು, ಕೆಟ್ಟ ತಿಂಗಳಿಗೆಂದು ಸ್ವಲ್ಪ ಉಳಿಯುವಂತೆ 1.25ರಿಂದ ಭಾಗಿಸಿ: 7,200. ಇದು ಕಂತಿನ ಮೇಲ್ಮಿತಿ. ವರ್ಷಕ್ಕೆ 12% ಇಳಿಕೆ ಬಡ್ಡಿಯಲ್ಲಿ (ಕಟ್ಟಿದಷ್ಟು ಕಳೆದು ಉಳಿದ ಅಸಲಿಗೆ ಮಾತ್ರ ಬಡ್ಡಿ) ಈ ಕಂತಿಗೆ 12 ತಿಂಗಳ ಸಾಲ ಸುಮಾರು 81,000, 18 ತಿಂಗಳದ್ದು ಸುಮಾರು 1,18,000. ಮೊತ್ತ ಸಾಲದೆಂದು ಅವಧಿ ಎಳೆಯಬೇಡಿ. ಸರಕಿಗೆ ಕೊಟ್ಟ ಸಾಲ 3ರಿಂದ 6 ತಿಂಗಳಲ್ಲಿ ಮುಗಿಯಬೇಕು. ಯಂತ್ರಕ್ಕಾದರೆ 18–24 ತಿಂಗಳು ಸರಿ.

ತಪ್ಪು ನುಸುಳುವ ಜಾಗಗಳನ್ನು ಹೇಳುತ್ತೇನೆ. ಮನೆಗೆ ಏನೂ ಒಯ್ಯುವುದಿಲ್ಲ ಎಂದು ಹೇಳುತ್ತಾರೆ. ಅದನ್ನು ನಂಬಿದರೆ ಇಡೀ ಲೆಕ್ಕ ಕೆಡುತ್ತದೆ. ಮನೆಯಲ್ಲಿ ಬೇರೆ ಯಾರ ದುಡಿಮೆ ಇದೆ, ಶಾಲೆ ಫೀಸು, ಔಷಧಿ, ಬಾಡಿಗೆ ಎಲ್ಲಿಂದ ಹೋಗುತ್ತದೆ ಎಂದು ಕೇಳಿದರೆ ನಿಜವಾದ ಮೊತ್ತ ಹೊರಬರುತ್ತದೆ. ಹೊಸ ಯಂತ್ರದಿಂದ ಮುಂದೆ ಬರಲಿರುವ ಆದಾಯವನ್ನು ಇವತ್ತಿನ ಲೆಕ್ಕಕ್ಕೆ ಸೇರಿಸಬೇಡಿ. ಈಗಿರುವ ಸಾಲಗಳನ್ನಂತೂ ಒಂದೊಂದಾಗಿ ಕೇಳಿ: ದಿನದ ವಸೂಲಿಯವರದ್ದು, ಚೀಟಿ ಕಂತು, ನೆಂಟರ ಕೈಸಾಲ, ಎಲ್ಲವೂ. 2010ರಲ್ಲಿ ಆಂಧ್ರಪ್ರದೇಶದಲ್ಲಿ ಕಿರುಸಾಲದ ವ್ಯವಸ್ಥೆ ಕುಸಿದಾಗ ಮುಖ್ಯವಾಗಿ ಕಂಡುಬಂದ ದೋಷ ಇದೇ. ಒಂದೇ ಮನೆಗೆ ಹಲವು ಸಂಸ್ಥೆಗಳು ಒಂದರ ಮೇಲೊಂದು ಸಾಲ ಕೊಟ್ಟಿದ್ದವು.

ಇನ್ನೊಂದು. ಯಂತ್ರಕ್ಕೆ ಸಾಲ ಕೊಡುವಾಗ ಹಣವನ್ನು ಮಾರಾಟಗಾರನಿಗೇ ನೇರ ಕಟ್ಟಿ. ಆದರೆ ಸಾಲದ ಅಷ್ಟೂ ಹಣ ಯಂತ್ರಕ್ಕೇ ಹೋಗದಂತೆ ನೋಡಿಕೊಳ್ಳಿ. ಯಂತ್ರ ಬಂದು ಕೂತಿದೆ, ದಾರ ತರಲು ಕಾಸಿಲ್ಲ ಎಂಬ ಸ್ಥಿತಿ ತೀರಾ ಸಾಮಾನ್ಯ. ಕನಿಷ್ಠ ಒಂದು ತಿಂಗಳ ಕಚ್ಚಾಸಾಮಗ್ರಿಯ ಹಣವೂ ಸಾಲದೊಳಗೇ ಇರಲಿ.

ಎರಡುಚೀಲ

ತರಬೇತಿ ಬಗ್ಗೆ. ಸಾಲಕ್ಕೆ ಮುಂಚೆ ಎರಡು ಬೈಠಕ್ ಸಾಕು, ಅದೂ ಅವರ ವ್ಯಾಪಾರದ ಹೊತ್ತು ಬಿಟ್ಟು. ಹತ್ತು ದಿನದ ತರಗತಿಯನ್ನು ಕಡ್ಡಾಯ ಮಾಡಿದರೆ ಅಂಗಡಿ ಮುಚ್ಚಿ ಬರಲು ಆಗದವರೇ ಹೊರಗೆ ಉಳಿಯುತ್ತಾರೆ. ನಿಮ್ಮ ಹಣ ತಲುಪಬೇಕಾದದ್ದು ಅವರಿಗೇ.

ಜಮಾ-ಖರ್ಚಿನ ಪೂರ್ತಿ ಪಾಠ ಬೇಡ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸಣ್ಣ ವ್ಯಾಪಾರಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ಗುಂಪಿಗೆ ಕ್ರಮಬದ್ಧ ಲೆಕ್ಕಶಾಸ್ತ್ರ, ಇನ್ನೊಂದಕ್ಕೆ ಸರಳ ರೂಢಿನಿಯಮಗಳನ್ನು ಕಲಿಸಿದರು. ಅಂಗಡಿ ಹಣ ಬೇರೆ, ಮನೆ ಹಣ ಬೇರೆ ಇಡಬೇಕು ಎಂಬಂಥ ನಿಯಮಗಳು. ವ್ಯಾಪಾರದ ನಿರ್ವಹಣೆ ಎದ್ದುಕಾಣುವಂತೆ ಸುಧಾರಿಸಿದ್ದು ಎರಡನೆಯ ಗುಂಪಿನಲ್ಲಿ. ನಮ್ಮ ಜನರಿಗೂ ಇದು ಹಿಡಿಸುತ್ತದೆ: ಎರಡು ಚೀಲ, ಒಂದು ಅಂಗಡಿಯದ್ದು, ಒಂದು ಮನೆಯದ್ದು. ವಾರಕ್ಕೊಮ್ಮೆ ನಿಗದಿಯಾದ ಮೊತ್ತ ಮಾತ್ರ ಅಂಗಡಿ ಚೀಲದಿಂದ ಮನೆ ಚೀಲಕ್ಕೆ. ನಡುವೆ ತೆಗೆದರೆ ಚೀಟಿ ಬರೆದು ಹಾಕಬೇಕು.

ಪುಸ್ತಕದಲ್ಲಿ ನಾಲ್ಕೇ ಕಾಲಂ: ಬಂದದ್ದು, ಸರಕಿಗೆ ಹೋದದ್ದು, ಮನೆಗೆ ಒಯ್ದದ್ದು, ಉದ್ರಿ. ಬರೆಯುವವರು ವ್ಯಾಪಾರಿಯೇ ಆಗಬೇಕು. ಬರೆಯಲು ಬಾರದಿದ್ದರೆ ಮನೆಯಲ್ಲಿ ಓದುವ ಮಕ್ಕಳಿರುತ್ತಾರೆ, ಇಲ್ಲವೇ ಮೊಬೈಲ್‌ನಲ್ಲಿ ದನಿ ರೆಕಾರ್ಡ್ ಮಾಡಿಡಲಿ. ಮಾರ್ಗದರ್ಶಕರೇ ಕೂತು ತುಂಬಿಸಿಕೊಟ್ಟರೆ ಅವರು ಬರುವುದು ನಿಂತ ದಿನ ಪುಸ್ತಕವೂ ನಿಲ್ಲುತ್ತದೆ.

ಹೆಚ್ಚು ಸಮಯ ಕೊಡಬೇಕಾದದ್ದು ಬೆಲೆ ಕಟ್ಟುವುದಕ್ಕೆ. ಬಡಾವಣೆಯ ಒಳಗಿನ ಕಸುಬಿನವರು ಪಕ್ಕದವರ ದರ ನೋಡಿ ತಮ್ಮ ದರ ಇಡುತ್ತಾರೆ, ತಮ್ಮ ಕೂಲಿ ಅದರೊಳಗೆ ಇದೆಯೇ ಎಂದು ನೋಡುವುದಿಲ್ಲ. ಒಬ್ಬ ಹೊಲಿಗೆಯಾಕೆಗೆ ತಿಂಗಳ ಸ್ಥಿರ ಖರ್ಚು 9,000, ತನ್ನ ಸಂಬಳ 12,000, ಒಟ್ಟು 21,000 ಎಂದಿಟ್ಟುಕೊಳ್ಳಿ. ಅಂಗಡಿ ತೆರೆದಿರುವುದು ತಿಂಗಳಿಗೆ 200 ಗಂಟೆ. ಅದರಿಂದ ಭಾಗಿಸಿದರೆ ಗಂಟೆಗೆ 105. ಆದರೆ ಅಳತೆ ತೆಗೆಯುವುದು, ಸಾಮಾನು ತರುವುದು, ಗಿರಾಕಿಯೊಡನೆ ಮಾತು ಎಲ್ಲ ಕಳೆದು ಯಂತ್ರ ತುಳಿಯುವುದು 140 ಗಂಟೆ ಇರಬಹುದು. ಆಗ ಗಂಟೆಗೆ 150. ಒಂದೂವರೆ ಗಂಟೆ ಹಿಡಿಯುವ, 40ರ ಸಾಮಗ್ರಿ ಬೇಕಾದ ಬಟ್ಟೆಗೆ ಮೊದಲ ಲೆಕ್ಕದಲ್ಲಿ ಸುಮಾರು 198, ಎರಡನೆಯದರಲ್ಲಿ 265. ಆಕೆ 180 ತೆಗೆದುಕೊಳ್ಳುತ್ತಿದ್ದರೆ ಗಿರಾಕಿ ಎಷ್ಟೇ ಬಂದರೂ ಕಂತು ಹುಟ್ಟುವುದಿಲ್ಲ. ಒಂದೇ ಸಲ ಏರಿಸಲು ಭಯವಿರುತ್ತದೆ, ಅದು ನ್ಯಾಯವೇ. ಹೊಸ ಗಿರಾಕಿಗಳಿಂದ, ತುರ್ತು ಕೆಲಸದಿಂದ ಶುರು ಮಾಡಿಸಿ.

ಉದ್ರಿಗೆ ಒಂದು ಗಡಿ ಹಾಕಿಸಿ: ಹೊರಗಿರುವ ಉದ್ರಿ ಒಂದು ವಾರದ ಖರೀದಿ ಹಣವನ್ನು ಮೀರಬಾರದು. ಮೀರಿದರೆ ಮುಂದಿನ ಸರಕು ತರಲು ಮತ್ತೆ ಬಡ್ಡಿ ಸಾಲ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಮುಕ್ಕಾಲು ಗಂಟೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಭೇಟಿ ಸಾಕು. ಒಬ್ಬರಿಗೆ 25–30 ವ್ಯಾಪಾರಿಗಳಿಗಿಂತ ಹೆಚ್ಚು ವಹಿಸಬೇಡಿ.

ಬಾಕಿವಹಿ

ಮಾರ್ಗದರ್ಶಕರು ವಸೂಲಿಗೆ ಹೋಗಬಾರದು, ನಗದು ಮುಟ್ಟಲೇಬಾರದು. ಕಾರಣ ಸರಳ. ಕಂತು ಕೇಳುವವರಿಗೆ ಯಾರೂ ವ್ಯಾಪಾರ ಬಿದ್ದಿದೆ ಎಂದು ಮುಂಚಿತವಾಗಿ ಹೇಳುವುದಿಲ್ಲ. ಆ ಸುದ್ದಿ ಕಂತು ತಪ್ಪುವ ಎರಡು ವಾರ ಮೊದಲು ಸಿಕ್ಕರೆ ಮಾತ್ರ ಏನಾದರೂ ಮಾಡಲು ಬರುತ್ತದೆ. ನಿಮ್ಮಲ್ಲಿ ಇಬ್ಬರೇ ಸಿಬ್ಬಂದಿ ಇದ್ದರೂ ಕೆಲಸ ಬೇರೆ ಮಾಡಿ. ಕಂತು ಬ್ಯಾಂಕ್ ಖಾತೆಗೇ ಬರಲಿ. ಸಾಲ ಮಂಜೂರು ಮಾಡುವ ಸಮಿತಿ ಮೂರನೆಯದ್ದಾಗಿರಲಿ.

ಕಂತು ತಪ್ಪಿದ ಮಾರನೆಯ ದಿನ ಫೋನ್. ಮೂರನೆಯ ದಿನ ಅಂಗಡಿಗೆ ಭೇಟಿ, ಮನೆಗಲ್ಲ, ನೆರೆಯವರ ಮುಂದೆ ಅಲ್ಲವೇ ಅಲ್ಲ. ಹದಿನೈದನೆಯ ದಿನದೊಳಗೆ ಕಾರಣ ಯಾವುದೆಂದು ಗುರುತಿಸಬೇಕು: ಕಾಯಿಲೆ, ಸಾವು, ಕಳವಿನಂಥ ಒಮ್ಮೆಯ ಪೆಟ್ಟೇ, ಕಂತೇ ಹೆಚ್ಚಾಗಿದೆಯೇ, ಇಲ್ಲಾ ಕಟ್ಟುವ ಮನಸ್ಸಿಲ್ಲವೇ. ಮೊದಲನೆಯದಕ್ಕೆ ಒಂದೆರಡು ಕಂತು ಮುಂದೂಡಿ. ಎರಡನೆಯದಕ್ಕೆ ಹೊಸದಾಗಿ ಲೆಕ್ಕ ಹಾಕಿ ಕಂತು ಇಳಿಸಿ, ಆದರೆ ಒಂದೇ ಸಲ, ಬರವಣಿಗೆಯಲ್ಲಿ. ಹಳೆ ಸಾಲ ತೀರಿಸಲು ಹೊಸ ಸಾಲ ಕೊಡುವುದು ಮಾತ್ರ ಬೇಡ. ಪುಸ್ತಕ ಚೊಕ್ಕಟವಾಗಿ ಕಾಣುತ್ತದೆ, ಹಣ ಒಳಗೇ ಕರಗುತ್ತಿರುತ್ತದೆ.

ಮೊದಲ ಕಂತಿನ ದಿನಾಂಕವೂ ಮುಖ್ಯ. ಕೋಲ್ಕತ್ತದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರಿಗೆ ಎರಡು ವಾರದ ನಂತರ, ಕೆಲವರಿಗೆ ಎರಡು ತಿಂಗಳ ನಂತರ ಮೊದಲ ಕಂತು ಇಟ್ಟರು. ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ಹಣ ಹೂಡಿದರು, ಮುಂದೆ ಅವರ ಲಾಭವೂ ಹೆಚ್ಚಿತು. ಸುಸ್ತಿದಾರರೂ ಹೆಚ್ಚಿದರು, ಇದನ್ನು ಮರೆಯಬಾರದು. ಹಾಗಾಗಿ ಯಂತ್ರದ ಸಾಲಕ್ಕೆ ಬಿಡುವು ಕೊಡಿ, ಆ ಅವಧಿಯಲ್ಲಿ ಬಡ್ಡಿಯನ್ನಷ್ಟೇ ಕಟ್ಟಲಿ. ದಿನದ ವ್ಯಾಪಾರದ ತಳ್ಳುಗಾಡಿಗೆ ಬಿಡುವು ಬೇಕಿಲ್ಲ, ವಾರದ ಕಂತು ಸಾಕು.

ನಿಧಿಯ ಆರೋಗ್ಯವನ್ನು "ಶೇಕಡಾ ಎಷ್ಟು ವಸೂಲಾಯಿತು" ಎಂದು ಅಳೆಯಬೇಡಿ. 30 ದಿನ ಮೀರಿ ಬಾಕಿ ಇರುವ ಸಾಲಗಳ ಉಳಿದ ಅಸಲು ಪೂರ್ತಿಯನ್ನು, ಹೊರಗಿರುವ ಒಟ್ಟು ಅಸಲಿನಿಂದ ಭಾಗಿಸಿ. ಹೊರಗೆ 20 ಲಕ್ಷ ಇದೆ, ಮೂರು ಜನ ಕಂತು ತಪ್ಪಿಸಿದ್ದಾರೆ, ತಪ್ಪಿದ ಕಂತು ಒಟ್ಟು 15,000 ಎಂದುಕೊಳ್ಳಿ. ಮುಕ್ಕಾಲು ಪರ್ಸೆಂಟ್ ತಾನೇ ಎಂದು ನಿರಾಳವಾಗಬೇಡಿ. ಆ ಮೂವರ ಉಳಿದ ಅಸಲು 1,20,000 ಇದ್ದರೆ ಅಪಾಯದಲ್ಲಿರುವುದು 6%. ಜೊತೆಗೆ, ಹೊಸ ಸಾಲ ಸುರಿಯುತ್ತಿದ್ದರೆ ಭಾಜಕ ಹಿಗ್ಗಿ ಈ ಅಂಕಿಯೂ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಒಂದೊಂದು ತ್ರೈಮಾಸಿಕದಲ್ಲಿ ಕೊಟ್ಟ ಸಾಲಗಳನ್ನು ಬೇರೆ ಬೇರೆಯಾಗಿ ನೋಡಿ. ಕಂತು ಇಳಿಸಿದ ಸಾಲಗಳಿಗೂ ಪ್ರತ್ಯೇಕ ಸಾಲು ಇರಲಿ.

ಸುತ್ತುನಿಧಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. ಟ್ರಸ್ಟಿಗಳು ಬಡ್ಡಿಯೇ ಬೇಡ ಎನ್ನುತ್ತಾರೆ. ಇನ್ನು ಕೆಲವರು ಗುಂಪಿನ ಜಾಮೀನು ಇಡೋಣ ಎನ್ನುತ್ತಾರೆ.

ಲೆಕ್ಕದಪುಸ್ತಕ

ಬಡ್ಡಿ ಬೇಡ ಎನ್ನುವುದು ತಪ್ಪಲ್ಲ, ಆದರೆ ಲೆಕ್ಕ ನೋಡಿ. ಸರಾಸರಿ 20 ಲಕ್ಷ ಹೊರಗಿದ್ದು 12% ಬಂದರೆ ವರ್ಷಕ್ಕೆ 2.4 ಲಕ್ಷ. 5% ಮುಳುಗಿದರೆ 1 ಲಕ್ಷ ಹೋಗುತ್ತದೆ. ಉಳಿದ 1.4 ಲಕ್ಷದಲ್ಲಿ ಒಬ್ಬ ಮಾರ್ಗದರ್ಶಕರ ಸಂಬಳವೂ ಹುಟ್ಟುವುದು ಕಷ್ಟ. ಹಾಗಾಗಿ ಮಾರ್ಗದರ್ಶನದ ಖರ್ಚು ದೇಣಿಗೆಯಿಂದಲೇ ಬರಬೇಕು, ಅದನ್ನು ದಾನಿಗಳಿಗೆ ಈಗಲೇ ಹೇಳಿ. ಬಡ್ಡಿ ಇರುವುದು ಮುಳುಗುವ ಹಣವನ್ನು ತುಂಬಿಕೊಳ್ಳಲು. ಬಡ್ಡಿಯಿಲ್ಲದೆ ವರ್ಷಕ್ಕೆ 5% ಮುಳುಗಿದರೆ 25 ಲಕ್ಷ ಐದು ವರ್ಷದಲ್ಲಿ ಸುಮಾರು 19.3 ಲಕ್ಷಕ್ಕೆ ಇಳಿಯುತ್ತದೆ.

ಬಡ್ಡಿ ಇಟ್ಟರೆ ಇಳಿಕೆ ಬಡ್ಡಿಯೇ ಇರಲಿ. ಫ್ಲಾಟ್ ಎಂದರೆ ಎಷ್ಟು ಕಟ್ಟಿದರೂ ಮೊದಲಿನ ಪೂರ್ತಿ ಅಸಲಿಗೇ ಕೊನೆಯವರೆಗೆ ಬಡ್ಡಿ. ಒಂದು ಲಕ್ಷಕ್ಕೆ 12% ಫ್ಲಾಟ್, 12 ತಿಂಗಳು ಎಂದರೆ ಕಂತು 9,333. ಅದೇ 12% ಇಳಿಕೆಯಲ್ಲಿ 8,885. ಫ್ಲಾಟ್‌ನ 12% ನಿಜವಾಗಿ ಸುಮಾರು 21.5% ಇಳಿಕೆ ಬಡ್ಡಿಗೆ ಸಮ. ಒಪ್ಪಂದದ ಮೊದಲ ಪುಟದಲ್ಲಿ ಕಂತು, ಕಂತುಗಳ ಸಂಖ್ಯೆ, ಒಟ್ಟು ಕಟ್ಟುವ ಮೊತ್ತ ಮೂರೂ ದೊಡ್ಡ ಅಕ್ಷರದಲ್ಲಿರಲಿ. ಬಡ್ಡಿಗೆ ಸಾಲ ಕೊಡಲು ನಿಮ್ಮ ಟ್ರಸ್ಟಿನ ಪತ್ರ ಮತ್ತು ಕಾನೂನು ಅವಕಾಶ ಕೊಡುತ್ತವೆಯೇ ಎಂದು ವಕೀಲರಿಂದ ಬರೆಸಿಕೊಂಡ ಮೇಲೆಯೇ ಮೊದಲ ಸಾಲ.

ಬಾಕಿವಹಿ

ಗುಂಪಿನ ಜಾಮೀನು ಒಂದೇ ಬೀದಿಯಲ್ಲಿ ಒಂದೇ ಬಗೆಯ ಸಣ್ಣ ಸಾಲಗಳಿಗೆ ನಡೆಯುತ್ತದೆ. ನಿಮ್ಮಲ್ಲಿ ಒಬ್ಬರದ್ದು 15,000, ಇನ್ನೊಬ್ಬರದ್ದು ಲಕ್ಷ. ಚಿಕ್ಕ ಸಾಲದವರು ದೊಡ್ಡ ಸಾಲದವರ ಕಂತು ಹೊರಲಾರರು, ಒಬ್ಬರ ಕಷ್ಟ ಐದು ಅಂಗಡಿಗೆ ಹರಡುತ್ತದೆ. ಗುಂಪು ಸಾಲಕ್ಕೆ ಹೆಸರಾದ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಕೂಡ 2000ದ ದಶಕದ ಆರಂಭದಲ್ಲಿ ನಿಯಮ ಬದಲಿಸಿ, ಕಷ್ಟಕ್ಕೆ ಸಿಕ್ಕವರ ಕಂತು ಮರುಹೊಂದಿಸುವ ವ್ಯವಸ್ಥೆ ತಂದಿತು. ಗುಂಪಿನ ಜಾಮೀನಿನ ಬದಲಿಗೆ ಮೆಟ್ಟಿಲು ಸಾಲ ಇಡಿ: ಮೊದಲು ಮೇಲಿನ ಲೆಕ್ಕದಲ್ಲಿ ಬಂದ ಮೊತ್ತದ ಅರ್ಧ, ಆರು ತಿಂಗಳು. ಸರಿಯಾಗಿ ಕಟ್ಟಿ, ನಾಲ್ಕು ಕಾಲಂ ಪುಸ್ತಕವನ್ನೂ ತೋರಿಸಿದವರಿಗೆ ಉಳಿದದ್ದು. ಎರಡನೆಯ ಸಾಲದ ಮೊತ್ತವನ್ನು ಆ ಪುಸ್ತಕದಿಂದಲೇ ಮತ್ತೆ ಲೆಕ್ಕ ಹಾಕಿ. ಚೆನ್ನಾಗಿ ಕಟ್ಟಿದರು ಎಂಬ ಒಂದೇ ಕಾರಣಕ್ಕೆ ದುಪ್ಪಟ್ಟು ಮಾಡಬೇಡಿ.