ನೋಹ್ ನಾಟಕ ಓದಿದ್ರ ಕಾಲು ತಾಸು, ಆಡಿದ್ರ ತಾಸಿನ ಮ್ಯಾಲ, ಹೆಂಗ? ಕನ್ನಡಕ್ಕ ಯಾವ ಅನುವಾದದಿಂದ ತರ್ಬೇಕು?

ತೊಗರಿ_ಹೊಲ (ಕಲಬುರಗಿ):

ಶರಣ್ರಿ ಎಲ್ಲರಿಗೂ. ನಾವೊಂದಿಷ್ಟ್ ಮಂದಿ ಐತ್ವಾರ ಮುಂಜಾನಿ ಪಬ್ಲಿಕ್ ಗಾರ್ಡನ್ನಾಗ ಕೂತು ನಾಟಕ ಓದ್ತೀವಿ, ಒಬ್ಬೊಬ್ರು ಒಂದೊಂದು ಪಾತ್ರ ಹಿಡ್ಕೊಂಡು. ಈ ಸಲ ಜಪಾನಿನ ಹಳೇ ನೋಹ್ ನಾಟಕ ನೋಡೋಣು ಅಂತ, ಆರ್ಥರ್ ವೇಲಿ 1921ರಾಗ ಇಂಗ್ಲಿಷಿಗೆ ತಂದ ಪುಸ್ತಕ ಇಂಟರ್ನೆಟ್ ಆರ್ಕೈವ್‌ನಾಗ ಸಿಕ್ತು, ಅದ್ರಾಗಿನ ‘ಅತ್ಸುಮೊರಿ’ ಝೆರಾಕ್ಸ್ ಮಾಡ್ಸಿ ಓದಿದ್ವಿ. ಕಥಿ ಅಂತೂ ಎದಿಗೆ ನಾಟ್ತು. 1184ರ ಇಚಿನೊತಾನಿ ಯುದ್ಧದಾಗ ಕುಮಾಗಾಯಿ ಅನ್ನೋ ಸರದಾರ ಅತ್ಸುಮೊರಿ ಅನ್ನೋ ಹದಿನಾರು ವರ್ಷದ ಹುಡುಗನ್ನ ಕೊಲ್ತಾನ, ಹುಡುಗನ ಹತ್ರ ಒಂದು ಕೊಳಲು ಸಿಗ್ತದ, ಆ ಸಂಕಟಕ್ಕ ಸರದಾರ ಸನ್ಯಾಸಿ ಆಗಿಬಿಡ್ತಾನ. ನಾಟಕ ಚಾಲೂ ಆಗೋದೇ ಇದೆಲ್ಲಾ ಮುಗದ ಮ್ಯಾಲ, ಸತ್ತ ಹುಡುಗನ ಸಲುವಾಗಿ ಪ್ರಾರ್ಥನಾ ಮಾಡ್ಲಾಕ ಅಂವ ಸುಮಾ ಅನ್ನೋ ಸಮುದ್ರ ದಂಡಿಗಿ ಬರ್ತಾನಲ್ಲ, ಅಲ್ಲಿಂದ.

ಈಗ ಪ್ರಶ್ನಿ ಏನಂದ್ರ, ರಂಗದ ಮ್ಯಾಲ ಜಗಳಿಲ್ಲ ಬಡಿದಾಟಿಲ್ಲ, ಮುಖ್ಯ ಪಾತ್ರ ಹೇಳಬೇಕಾದ ಮಾತು ಮೇಳದವ್ರು ಹೇಳ್ತಾರ ಅದೂ ‘ನಾನು’ ಅಂತ, ಕಾಲು ತಾಸಿಗೆ ಎಲ್ಲಾ ಖಲಾಸ್. ಆಡಿದ್ರ ಮಾತ್ರ ಒಂದು ತಾಸಿನ ಮ್ಯಾಲ ಆಗ್ತದಂತ. ಆ ಟೈಮ್ ಎಲ್ಲಿಂದ ಬರ್ತದ್ರಿ? ನಮ್ಮಾಗ ಅರ್ಧ ಮಂದಿ ಇದು ಬ್ಯಾಡ ಅಂತಾರ, ನನಗ ಬಿಡ್ಲಾಕ ಮನಸಿಲ್ಲ, ಕನ್ನಡಕ್ಕ ತಂದು ನಾಕು ಮಂದಿ ಮುಂದ ಓದಲೇಬೇಕು ಅನ್ಸ್ಯದ. ಯಾವ ಅನುವಾದ ಹಿಡೀಲಿ, ಹಾಡಿನ ಭಾಗ ಅವರ 5-7ರ ಲೆಕ್ಕದಾಗೇ (ಐದು ದನಿ, ಏಳು ದನಿ ಅಂತ ಎಣಿಸಿ ಸಾಲು ಕಟ್ಟೋದು) ಬರೀಬೇಕೇನು, ಗೊತ್ತಿದ್ದವ್ರು ಹೇಳ್ರಿ.

ಜೇವರ್ಗಿ_ಮೇಳ:

ಅಣ್ಣಾ, ನೀವು ಅದನ್ನ ಮಾತು ಓದಿದಂಗ ಓದೀರಿ, ಅದಕ್ಕೇ ಸಪ್ಪಗಾಗ್ಯದ. ನೋಹ್‌ನಾಗ ಭಾಳ ಭಾಗ ಹಾಡೋದೇ. ಸಾಮಾನ್ಯವಾಗಿ ಎಂಟು ಮಂದಿ ಮೇಳ ಒಂದು ಬಾಜೂಕ ಕೂಡ್ತದ, ಹಿಂದ ಕೊಳಲು, ಹೆಗಲ ಮ್ಯಾಲ ಒಂದು ಡೋಲು ತೊಡಿ ಮ್ಯಾಲ ಒಂದು ಡೋಲು, ಬಾರಿಸೋರು ನಡುನಡುವ ‘ಯೋ’ ‘ಹೋ’ ಅಂತ ಕೂಗು ಹಾಕ್ತಾರ, ಮುಖ್ಯ ಪಾತ್ರದಂವ ಮುಖವಾಡ ಹಾಕ್ಕೊಂಡು ಸೇತುವಿ ಹಂಗ ಇರೋ ಉದ್ದನ ಹಾದಿ ಮ್ಯಾಲ ಒಂದೊಂದೇ ಹೆಜ್ಜಿ ಇಟ್ಕೋತ ಬರ್ತಾನ. ಪುಸ್ತಕದಾಗ ‘ಕುಣೀತಾನ’ ಅಂತ ಒಂದು ಸಾಲು ಇರ್ತದಲ್ಲ, ರಂಗದ ಮ್ಯಾಲ ಅದೇ ಭಾಳ ಹೊತ್ತು ನಡೀತದ, ಒಂದೂ ಮಾತಿಲ್ಲದ. ನೀವು ಕೇಳಿದ ಟೈಮ್ ಇದ್ರಾಗೇ ಅದ.

ಮೇಳ ‘ನಾನು’ ಅನ್ನೋದಕ್ಕ ಗಾಬರಿ ಯಾಕ? ಮೊಹರಂದಾಗ ನಮ್ ಹಳ್ಳ್ಯಾಗ ರಿವಾಯತ್ ಪದ ಕೇಳೀರಿಲ್ಲ? ಕರ್ಬಲಾದಾಗ ಖಾಸೀಮ ಸಾಯ್ತಾನ ಅಂತ ಕೂತವ್ರಿಗೆಲ್ಲಾ ಗೊತ್ತು, ಮುಂದೇನಾಯ್ತು ಅಂತ ಯಾರೂ ಕೇಳಲ್ಲ. ಹಾಡೋ ಮನಷ್ಯಾ ಈಗ ಕಥಿ ಹೇಳ್ತಿರ್ತಾನ, ಇನ್ನೊಂದು ಗಳಿಗಿಗೆ ಮಗನ್ನ ಕಳಕೊಂಡ ತಾಯಿ ದನಿ ತಗೀತಾನ, ಮತ್ತ ಕಥಿಗೆ ಬರ್ತಾನ, ಯಾರೂ ಇದ್ಯಾರ ಮಾತು ಅಂತ ತಕರಾರು ತಗ್ಯಲ್ಲ. ಅತ್ಸುಮೊರಿ ಬರೆದ ಝಿಯಾಮಿನೂ ಹಂಗೇ ಎಣಿಸ್ಯಾನ. ಯೋಧರ ಮ್ಯಾಲ ನಾಟಕ ಬರೀಬೇಕಾದ್ರ ‘ಹೇಯಿಕೆ’ ಕಥಿ (ಅತ್ಸುಮೊರಿ ಸತ್ತ ಆ ಯುದ್ಧದ ಹಳೇ ಕಥನ) ಹೆಂಗದ ಹಂಗೇ ಇಟ್ಕೋಬೇಕು ಅಂತ ತನ್ನ ಕಲಿಯೋರಿಗೆ ಬರೆದಿಟ್ಟಾನ, ಯಾಕಂದ್ರ ಆ ಕಥಿ ನೋಡೋ ಮಂದಿಗೆ ಮೊದಲೇ ಬಾಯಿಪಾಠ. ಅವನ ಕೆಲಸ ಅದರ ಮುಂದಿಂದು, ಕೊಂದಂವ ಮತ್ತ ಸತ್ತಂವ ಎದುರಾಬದುರಾ ನಿಂತ್ರ ಏನಾಗ್ತದ ಅನ್ನೋದು. ಕಡೀಗಿ ಕತ್ತಿ ಎತ್ತಿದ ಪ್ರೇತ ಕೈ ಇಳಿಸಿ, ಇಂವ ನನ್ನ ವೈರಿ ಅಲ್ಲ, ನನ್ನ ಸಲುವಾಗಿ ಪ್ರಾರ್ಥನಾ ಮಾಡು ಅಂತದಲ್ಲ, ಬಡಿದಾಟಿಲ್ಲ ಅನ್ನೋರು ಆ ಜಾಗಾ ಇನ್ನೊಮ್ಮಿ ಓದ್ಲಿ, ನಾಟಕ ಪೂರಾ ಅಲ್ಲೇ ಅದ.

ಅನುವಾದ ಅಂದ್ರ ರಾಯಲ್ ಟೈಲರ್ ಅವರದು ಹಿಡೀರಿ, ಪೆಂಗ್ವಿನ್ 1992, 24 ನಾಟಕ ಅವ, ಅತ್ಸುಮೊರಿನೂ ಅದ. ಯಾವುದು ಬರೇ ಮಾತು ಯಾವುದು ಹಾಡು ಅಂತ ಸಾಲಿನ ಜೋಡಣಿ ನೋಡಿದ್ರೇ ತಿಳೀತದ, ಮಂದಿ ಮುಂದ ಓದೋರಿಗೆ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ವೇಲಿಯವರದ್ದು ಬಿಡಬ್ಯಾಡ್ರಿ, ಜಪಾನಿಗೆ ಒಮ್ಮಿನೂ ಹೋಗದೇ ಅಷ್ಟು ಛಂದ ತಂದಾರ, ಬಾಜೂಕ ಇಟ್ಕೋರಿ.

ಮಾತ್ರಾಗಣ (ಬೀದರ):

5-7ರ ಬಗ್ಗೆ ನಾ ಹೇಳ್ತೀನಿ. ನಮ್ಮಲ್ಲಿ ಹೈಕು ಬರೆಯೋ ಭಾಳ ಮಂದಿ ಅಕ್ಷರ ಎಣಿಸ್ತಾರ, ನನ್ನ ಪ್ರಕಾರ ಅದು ಸರಿ ಅಲ್ಲ. ಜಪಾನಿಯವ್ರು ಎಣಿಸೋದು ಹೆಚ್ಚುಕಮ್ಮಿ ನಮ್ಮ ಮಾತ್ರೆ ಲೆಕ್ಕನೇ, ದೀರ್ಘಕ್ಕ ಎರಡು, ತೋಕ್ಯೋ ಅಂದ್ರ ಅವರಿಗೂ ನಾಕು ನಮಗೂ ನಾಕು. ಹಂಗಾಗಿ ಇಂಗ್ಲಿಷಿನವರಿಗಿಂತ ನಮಗ ಇದು ಹತ್ರದ ದಾರಿ. ಜಪಾನಿನ ಹೈಕು ಕವಿ ಬಾಶೋ 1686ರಾಗ ಬರೆದ ಕಪ್ಪೆ ಪದ್ಯ ನೋಡ್ರಿ:

ಹಳೆಯ ಕೊಳ
ಕಪ್ಪೆ ಜಿಗಿದರೆ
ನೀರ ದನಿ

ಐದು, ಏಳು, ಐದು, ಮಾತ್ರೆ ಸರಿಯಾಗಿ ಕೂತ್ವು. ಆದ್ರ ನಾಟಕ ಪೂರಾ ಹಿಂಗ ಮಾಡ್ಲಾಕ ಹೋದ್ರ ನಮ್ಮ ವಿಭಕ್ತಿ ಒತ್ತಕ್ಷರ ಎಲ್ಲಾ ಸೇರಿ ಜಾಗಾ ಸಾಲಲ್ಲ, ಸಾಲು ಬಡಕಲಾಗ್ತದ. ನನ್ನ ಸಲಹಾ ಏನಂದ್ರ ಏಳನ್ನ ಅಷ್ಟೇ ಹಿಡೀರಿ. ಮೂರು ನಾಕು ಮೂರು ನಾಕು, ಭಾಮಿನಿ ನಡಿಗಿ, ಕುಮಾರವ್ಯಾಸನ್ನ ಕೇಳಿದ ಕಿವಿಗೆ ಅದು ಕಲಿಸೋದೇ ಬ್ಯಾಡ. ಮ್ಯಾಲಿನ ನಡುವಿನ ಸಾಲೂ ಹಂಗೇ ಅದ, ಕಪ್ಪೆ ಮೂರು, ಜಿಗಿದರೆ ನಾಕು. ಮೇಳದ ಭಾಗ ಇದ್ರಾಗ ಬರೆದು, ಮಾತಿನ ಭಾಗ ಗದ್ಯದಾಗೇ ಬಿಡ್ರಿ.

ಇನ್ನೊಂದು. ನಾಟಕದಾಗ ಹುಲ್ಲು ಕೊಯ್ಯೋರು ಹಾಡೋ ಜಾಗದಾಗ ಒಂದು ಹಳೇ ಪದ್ಯದ ನೆರಳು ಅದ. ಯುಕಿಹಿರಾ ಅನ್ನೋ ಕವಿ ಸುಮಾದಾಗ ಒಂಟಿಯಾಗಿ ಇದ್ದಾಗ ಬರೆದದ್ದು, 905ರ ಸುಮಾರಿನ ‘ಕೊಕಿನ್‌ಶೂ’ ಸಂಕಲನದಾಗ ಸಿಗ್ತದ, ಯಾರರ ನನ್ನ ಬಗ್ಗೆ ಕೇಳಿದ್ರ ಸುಮಾ ದಂಡ್ಯಾಗ ಉಪ್ಪುನೀರು ಸುರಿಸ್ಕೋತ ದುಃಖದಾಗ ಅದಾನ ಅಂತ ಹೇಳು ಅನ್ನೋ ಅರ್ಥ. ಆಗಿನ ನೋಡುಗರಿಗೆ ಸುಮಾ ಅಂದಕೂಡಲೇ ಈ ದುಃಖ ನೆನಪಾಗ್ತಿತ್ತು. ನಾಟಕದಾಗ ಒಂದು ವಚನದ ಅರ್ಧ ಸಾಲು ಬಂದ್ರ ನಮ್ಮ ಮಂದಿ ಉಳಿದರ್ಧ ತಾವೇ ಹೇಳ್ತಾರಲ್ಲ, ಆ ಸಲಿಗಿ ಅದು. ಇದಕ್ಕ ಅಡಿಟಿಪ್ಪಣಿ ಹಾಕಿದ್ರ ಕೇಳೋರಿಗೆ ಸಿಗಲ್ಲ, ನಾಟಕಕ್ಕ ಮೊದಲು ಆ ಪದ್ಯ ಕನ್ನಡದಾಗ ಒಮ್ಮಿ ಹಾಡಿಬಿಡ್ರಿ.

ಕಲ್ಯಾಣದ_ಅಕ್ಕ (ಬಸವಕಲ್ಯಾಣ):

ತಮ್ಮಾ, ನಿಮ್ಮ ಗುಂಪಿನ ಅರ್ಧ ಮಂದಿಗೆ ವಾದ-ವಿವಾದ ಬೇಕಾಗಿದ್ರ ‘ಸೊತೊಬಾ ಕೊಮಾಚಿ’ ತಗೋರಿ, ಝಿಯಾಮಿ ತಂದಿ ಕಾನಾಮಿ ಬರೆದದ್ದು, ವೇಲಿ ಪುಸ್ತಕದಾಗೇ ಅದ. ಒನೊ ನೊ ಕೊಮಾಚಿ ಒಂಬತ್ತನೇ ಶತಮಾನದ ದೊಡ್ಡ ಕವಿ. ಮಳಿ ಸುರೀತಾ ಇರಬೇಕಾದ್ರ ಹೂವಿನ ಬಣ್ಣ ಮಾಸ್ತು, ನಾನೂ ಹಂಗೇ ಅಂತ ಆಕಿ ಬರೆದ ಪದ್ಯ ನೂರು ಕವಿಗಳ ‘ಹ್ಯಾಕುನಿನ್ ಇಶ್ಶು’ ಸಂಕಲನದಾಗ ಒಂಬತ್ತನೇದು. ನಾಟಕದಾಗ ಅದೇ ಕೊಮಾಚಿ ಹಣ್ಣಹಣ್ಣ ಮುದುಕಿ, ಭಿಕ್ಷಾ ಬೇಡ್ಕೋತ ಬಂದು ದಣಿದು ಒಂದು ಬಿದ್ದ ಸ್ತೂಪದ ಕಟಗಿ ಮ್ಯಾಲ ಕೂಡ್ತಾಳ. ಕೋಯಾ ಬೆಟ್ಟದ ಸನ್ಯಾಸಿಗಳು ಬಂದು, ಬುದ್ಧನ ರೂಪದ ಮ್ಯಾಲ ಕೂತೀಯಲ್ಲ ಏಳು ಅಂತಾರ, ಆಕಿ ಏಳಲ್ಲ. ಅದು ಮೊದಲೇ ಬಿದ್ದದ, ನಾ ಅದ್ರ ಮ್ಯಾಲ ದಣಿವಾರಿಸ್ಕೊಂಡ್ರ ಏನಾಯ್ತು ಅಂತ ಕೇಳಿ, ಅವರ ಶಾಸ್ತ್ರದಿಂದನೇ ಅವರಿಗೆ ಒಂದೊಂದಕ್ಕೂ ಜವಾಬು ಕೊಡ್ತಾಳ, ಕಡೀಗಿ ಅವರೇ ತಲಿ ಬಾಗಿಸ್ತಾರ. ಶೂನ್ಯಸಂಪಾದನೆಯಾಗ ಅಲ್ಲಮ ಮತ್ತ ಅಕ್ಕನ ಸವಾಲು-ಜವಾಬು ಓದಿದವ್ರಿಗೆ ಈ ಜಾಗಾ ರೋಮಾಂಚ ತರ್ತದ. ಆದ್ರ ಅಲ್ಲಿಗೆ ಮುಗಿಯಲ್ಲ, ಆಕಿನ್ನ ಬಯಸಿ ತೊಂಬತ್ತೊಂಬತ್ತು ರಾತ್ರಿ ಬಂದು ನೂರನೇದಕ್ಕ ಮೊದಲೇ ಸತ್ತ ಮನಷ್ಯಾ ಒಬ್ಬಾಂವ ಆಕಿ ಮೈಮ್ಯಾಲ ಬರ್ತಾನ. ಅಷ್ಟೊತ್ತು ಜ್ಞಾನ ಮಾತಾಡಿದ ಬಾಯಿಂದನೇ ಅವನ ದನಿ ಬರ್ತದ. ಓದೋ ಹೆಣ್ಮಗಳು ಗಟ್ಟಿ ಇರಬೇಕು, ಅಷ್ಟೇ.

ತೊಗರಿ_ಹೊಲ:

ಅಕ್ಕಾರ, ಇದನ್ನ ಮುಂದಿನ ಐತ್ವಾರನೇ ಓದ್ತೀವಿ. ಬೀದರ ಸರ್, ಮೇಳದ ಒಂದು ಭಾಗ ಭಾಮಿನ್ಯಾಗ ಮಾಡಿ ಇಲ್ಲೇ ಹಾಕ್ತೀನಿ, ತಿದ್ದಿ ಕೊಡ್ರಿ. ಅತ್ಸುಮೊರಿಯಂತೂ ಬಿಡಲ್ಲ. ಮೇಳದ ಭಾಗ ರಿವಾಯತ್ ಧಾಟ್ಯಾಗೇ ಹಾಡಿಸಿಬಿಡ್ಲೇನು? ನಮ್ ಗುಂಪಿನಾಗ ಒಬ್ಬರು ಭಾಳ ಛಂದ ಹಾಡ್ತಾರ.

ಜೇವರ್ಗಿ_ಮೇಳ:

ಅದು ಮಾತ್ರ ಬ್ಯಾಡ ಅಣ್ಣಾ. ತಿಳಿಸ್ಲಾಕ ನಾ ರಿವಾಯತ್ ಹೆಸರು ತಗೊಂಡೆ, ಆ ಧಾಟಿ ಹಾಕಿದ್ರ ಕೇಳೋರ ಕಣ್ಣ ಮುಂದ ಖಾಸೀಮನೇ ಬರ್ತಾನ, ಅತ್ಸುಮೊರಿ ಬರಲ್ಲ, ಎರಡಕ್ಕೂ ಅನ್ಯಾಯ. ಮೂರು ದನಿ ಸಾಕು, ಒಂದೇ ಶ್ರುತಿ, ತಾಳಕ್ಕ ಬರೇ ಒಂದು ಕಟಗಿ. ಕುಣಿತದ ಜಾಗದಾಗ ಓದೋದು ನಿಲ್ಲಿಸಿ ಕೊಳಲು ಅಷ್ಟೇ ನುಡಿಸ್ರಿ, ಮಂದಿ ಎದ್ದು ಹೋಗ್ತಾರ ಅಂತ ಅಂಜಿ ಅದನ್ನ ಸಣ್ಣದು ಮಾಡಬ್ಯಾಡ್ರಿ. ಕೊಳಲಿನವ್ರು ಬೇಕಾಗಿದ್ರ ಮೆಸೇಜ್ ಹಾಕ್ರಿ, ನಮ್ ಕಡಿ ಒಬ್ಬರು ಅದಾರ.